ಏಳು ವಾರದ ಬೆಕ್ಕಿನ ಮರಿಯ ಹೊಕ್ಕುಳಿನ ಬಳಿ ಮೆತ್ತನೆಯ ಗಂಟು: ಏನಿರಬಹುದು?

ಪ್ರಶ್ನೆ

ನಮ್ಮ ಮನೆಯ ಬೆಕ್ಕು ಹಾಕಿದ ಮರಿಗಳಿಗೆ ಈಗ ಏಳು ವಾರ. ಅವುಗಳಲ್ಲಿ ಒಂದು ಹೆಣ್ಣು ಮರಿಯ ಹೊಟ್ಟೆಯ ನಡುಭಾಗದಲ್ಲಿ, ಹೊಕ್ಕುಳು ಇರಬೇಕಾದ ಜಾಗದಲ್ಲೇ, ಕಡಲೆಕಾಳಿಗಿಂತ ತುಸು ದೊಡ್ಡದಾದ ಉಬ್ಬೊಂದು ಕೈಗೆ ಸಿಗುತ್ತಿದೆ. ಮರಿ ಹೊಟ್ಟೆ ತುಂಬ ತಿಂದಾಗ ಅಥವಾ ಜೋರಾಗಿ ಕೂಗಿದಾಗ ಅದು ಎದ್ದು ಕಾಣುತ್ತದೆ, ಅಂಗಾತ ಮಲಗಿ ನಿದ್ದೆ ಹೋದಾಗ ಇಲ್ಲವೇ ಇಲ್ಲ ಎನ್ನುವಂತಾಗುತ್ತದೆ. ಮುಟ್ಟಿದರೆ ಮರಿ ನೋವು ತೋರಿಸುವುದಿಲ್ಲ. ಆಟ, ಊಟ ಎರಡೂ ಚೆನ್ನಾಗಿವೆ. ನಾಣ್ಯವಿಟ್ಟು ಬಟ್ಟೆ ಕಟ್ಟಿದರೆ ಒಳಗೆ ಹೋಗುತ್ತದೆ ಎಂದು ನೆರೆಮನೆಯ ಹಿರಿಯರು ಹೇಳುತ್ತಿದ್ದಾರೆ. ಇದೇ ಸೂಲಿನ ಒಂದು ಗಂಡು ಮರಿಗೆ ಗಂಟಿಲ್ಲ, ಆದರೆ ಇಡೀ ಹೊಟ್ಟೆಯೇ ಡೊಳ್ಳಿನಂತೆ ಉಬ್ಬಿದೆ. ಎರಡೂ ಒಂದೇ ತೊಂದರೆಯೇ? ಪಶು ಆಸ್ಪತ್ರೆ ನಮಗೆ ದೂರ, ಈಗಲೇ ಹೊರಡಬೇಕೇ?

ಉತ್ತರ 1

ನೀವು ಬರೆದಿರುವ ಲಕ್ಷಣಗಳು ಹೊಕ್ಕುಳಿನ ಹರ್ನಿಯಾವನ್ನು ಹೋಲುತ್ತವೆ. ಗರ್ಭದಲ್ಲಿರುವಾಗ ಹೊಕ್ಕುಳಬಳ್ಳಿ ಹಾದುಹೋಗಲು ಹೊಟ್ಟೆಯ ಸ್ನಾಯುಗಳ ನಡುವೆ ಒಂದು ಸಣ್ಣ ಕಿಂಡಿ ಇರುತ್ತದೆ. ಮರಿ ಹುಟ್ಟಿ 3ರಿಂದ 5 ದಿನಗಳಲ್ಲಿ ಬಳ್ಳಿ ಒಣಗಿ ಉದುರುತ್ತದೆ, ಕಿಂಡಿಯೂ ಮುಚ್ಚಿಕೊಳ್ಳುತ್ತದೆ. ಅದು ಪೂರ್ತಿ ಮುಚ್ಚದೆ ಉಳಿದರೆ ಒಳಗಿನ ಕೊಬ್ಬು, ಕೆಲವೊಮ್ಮೆ ಕರುಳಿನ ತುಣುಕು, ಚರ್ಮದ ಕೆಳಗೆ ಹೊರಚಾಚುತ್ತದೆ. ಕೂಗುವಾಗ, ಮುಕ್ಕುವಾಗ ಹೊಟ್ಟೆಯೊಳಗಿನ ಒತ್ತಡ ಹೆಚ್ಚುವುದರಿಂದ ಉಬ್ಬು ದೊಡ್ಡದಾಗಿ ಕಾಣುತ್ತದೆ.

ಗಂಟಿನ ಗಾತ್ರಕ್ಕಿಂತ ಮುಖ್ಯವಾದುದು ಅದು ಒಳಗೆ ಸರಿಯುತ್ತದೆಯೇ ಎಂಬುದು. ಮರಿ ನಿರಾಳವಾಗಿರುವಾಗ ಅದನ್ನು ತೊಡೆಯ ಮೇಲೆ ಅಂಗಾತ ಮಲಗಿಸಿಕೊಂಡು, ಬೆಚ್ಚಗಿರುವ ಬೆರಳಿನ ತುದಿಯಿಂದ ಗಂಟನ್ನು ತೀರ ಹಗುರವಾಗಿ ಒತ್ತಿ ನೋಡಿ. ಮೆತ್ತನೆಯ ಉಬ್ಬು ಒಳಕ್ಕೆ ಜಾರಿ, ಅದರ ಜಾಗದಲ್ಲಿ ಉಂಗುರದಂಥ ಅಂಚು ಬೆರಳಿಗೆ ತಾಗಿದರೆ, ಅದು ಸಿಕ್ಕಿಕೊಳ್ಳದ ಹರ್ನಿಯಾ. ಇಂದು ರಾತ್ರಿಯೇ ಓಡಬೇಕಾದ ಅಗತ್ಯವಿಲ್ಲ. ಒಳಗೆ ಹೋಗದಿದ್ದರೆ ಬಲವಂತ ಮಾಡಬೇಡಿ. ಕೊಬ್ಬು ಅಲ್ಲಿಯೇ ಅಂಟಿಕೊಂಡಿರಲೂಬಹುದು, ಕರುಳು ಸಿಕ್ಕಿಕೊಂಡಿರಲೂಬಹುದು. ಎರಡರ ವ್ಯತ್ಯಾಸವನ್ನು ವೈದ್ಯರು ಮುಟ್ಟಿ ನೋಡಿ, ಬೇಕಾದರೆ ಸ್ಕ್ಯಾನಿಂಗ್ ಮಾಡಿ ಹೇಳಬೇಕು. ಗಂಟು ಗಟ್ಟಿಯಾಗಿ, ಬಿಸಿಯಾಗಿ, ಕೆಂಪು ಅಥವಾ ನೀಲಿಗಟ್ಟಿದ ಬಣ್ಣಕ್ಕೆ ತಿರುಗಿದ್ದರೆ, ಮರಿ ವಾಂತಿ ಮಾಡುತ್ತಿದ್ದರೆ, ಹಾಲು ಬಿಟ್ಟು ಮೂಲೆ ಸೇರಿದ್ದರೆ, ಎಷ್ಟು ದೂರವಾದರೂ ಆ ಕ್ಷಣವೇ ಹೊರಡಿ. ಸಿಕ್ಕಿಕೊಂಡ ಕರುಳಿಗೆ ರಕ್ತ ಹರಿಯುವುದು ನಿಂತರೆ ಉಳಿಯುವ ಅವಕಾಶ ಗಂಟೆಗಳ ಲೆಕ್ಕದಲ್ಲಿ ಕರಗುತ್ತದೆ.

ನಾಣ್ಯ ಕಟ್ಟುವುದನ್ನು ದಯವಿಟ್ಟು ಮಾಡಬೇಡಿ. ಹಿರಿಯರು ಒಳ್ಳೆಯ ಮನಸ್ಸಿನಿಂದಲೇ ಹೇಳಿರುತ್ತಾರೆ, ಆದರೆ ಬಿಗಿಯಾದ ಪಟ್ಟಿ ಕಿಂಡಿಯನ್ನು ಮುಚ್ಚುವುದಿಲ್ಲ. ಅದು ಎಳೆಯ ಚರ್ಮವನ್ನು ಹುಣ್ಣಾಗಿಸುತ್ತದೆ, ಉಸಿರಾಟಕ್ಕೂ ಅಡ್ಡಿಯಾಗುತ್ತದೆ. ಡೆಟಾಲ್ ಹಚ್ಚುವುದೂ ಬೇಡ. ಬೆಕ್ಕು ನೆಕ್ಕಿ ಅದನ್ನು ಹೊಟ್ಟೆಗಿಳಿಸುತ್ತದೆ, ಅಂಥ ರಾಸಾಯನಿಕವನ್ನು ಅದರ ಯಕೃತ್ತು ಸರಿಯಾಗಿ ವಿಲೇವಾರಿ ಮಾಡಲಾರದು. ನೋವಿರಬಹುದೆಂದು ಮನೆಯಲ್ಲಿರುವ ಪ್ಯಾರಸಿಟಮಾಲ್ ಕೊಟ್ಟರಂತೂ ಮರಿಯ ಪ್ರಾಣಕ್ಕೇ ಕುತ್ತು.

ಗಂಡು ಮರಿಯದು ಬೇರೆಯೇ ಸಂಗತಿ. ಬೆನ್ನು, ಪಕ್ಕೆಗಳು ತೆಳ್ಳಗಿದ್ದು ಹೊಟ್ಟೆ ಮಾತ್ರ ದುಂಡಗಾಗಿದ್ದರೆ ಮೊದಲು ಶಂಕಿಸಬೇಕಾದುದು ಜಂತುಹುಳು. ಬೆಕ್ಕುಗಳಲ್ಲಿ ದುಂಡುಹುಳುವಿನ ಮರಿಹುಳುಗಳು ತಾಯಿಯ ಹಾಲಿನ ಮೂಲಕ ಮರಿಗಳಿಗೆ ದಾಟುತ್ತವೆ. ಆದ್ದರಿಂದಲೇ ಸಾಮಾನ್ಯವಾಗಿ 3ನೇ ವಾರದಿಂದ ಎರಡೆರಡು ವಾರಕ್ಕೊಮ್ಮೆ ಜಂತುಹುಳುವಿನ ಔಷಧಿ ಕೊಡುತ್ತಾರೆ, ತಾಯಿಗೂ ಜೊತೆಯಲ್ಲೇ ಕೊಡಬೇಕು. ಔಷಧಿಯ ಪ್ರಮಾಣ ತೂಕದ ಮೇಲೆ ನಿಂತಿರುವುದರಿಂದ ಅಡುಗೆಮನೆಯ ತಕ್ಕಡಿಯಲ್ಲಿ ಪ್ರತಿ ಮರಿಯನ್ನೂ ಬೇರೆಬೇರೆಯಾಗಿ ತೂಗಿ, ಆ ಅಂಕಿಗಳನ್ನು ವೈದ್ಯರಿಗೆ ತಿಳಿಸಿ. ವಾರಕ್ಕೆ ಸುಮಾರು 100 ಗ್ರಾಂ ಏರದ ಮರಿಯ ಮೇಲೆ ವಿಶೇಷ ಕಣ್ಣಿಡಬೇಕು.

ಉತ್ತರ 2

ಮೇಲಿನ ಉತ್ತರಕ್ಕೆ ಎರಡು ಮಾತು ಸೇರಿಸುತ್ತೇನೆ. ಎದೆಗೂಡು ಮುಗಿಯುವಲ್ಲಿ, ನಡುಗೆರೆಯ ಮೇಲೆ, ಗಟ್ಟಿಯಾದ ಮೊನೆಯೊಂದು ಕೈಗೆ ತಾಗಿದರೆ ಅದು ಎದೆಮೂಳೆಯ ತುದಿ, ಗಂಟಲ್ಲ. ತೆಳ್ಳಗಿನ ಮರಿಗಳಲ್ಲಿ ಅದು ಹೊರಕ್ಕೆ ಬಾಗಿದಂತೆ ಕಂಡು ಎಷ್ಟೋ ಮಂದಿ ಗಾಬರಿಪಡುತ್ತಾರೆ. ಹೊಕ್ಕುಳಿನ ಜಾಗದಲ್ಲೇ ಇದ್ದರೂ ಕೀವು ಒಸರುವ, ವಾಸನೆ ಬರುವ, ಮುಟ್ಟಿದರೆ ಮರಿ ಚೀರುವ ಉಬ್ಬು ಬಾವು. ಅದಕ್ಕೆ ತಡಮಾಡದೆ ಚಿಕಿತ್ಸೆ ಬೇಕು. ತೊಡೆಸಂದಿಯಲ್ಲಿ ಬರುವ ಹರ್ನಿಯಾವನ್ನು ಹೊಕ್ಕುಳಿನದರಂತೆ ಕಾದು ನೋಡಬಾರದು, ಅದರೊಳಗೆ ಕರುಳು ಅಥವಾ ಮೂತ್ರಕೋಶವೂ ಜಾರಬಹುದು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಒತ್ತಿ ನೋಡಿದಾಗ ಗಂಟು ಒಳಗೆ ಸರಿಯಿತು. ಮರಿಗಳನ್ನು ವೈದ್ಯರಿಗೂ ತೋರಿಸಿ ಬಂದೆ: ಹೆಣ್ಣು ಮರಿಯದು ಸಣ್ಣ ಹರ್ನಿಯಾ ಎಂದರು, ಎಲ್ಲ ಮರಿಗಳಿಗೂ ತಾಯಿಗೂ ಜಂತುಹುಳುವಿನ ಔಷಧಿ ಕೊಟ್ಟರು. ಹರ್ನಿಯಾವನ್ನು ಸಂತಾನಹರಣ ಶಸ್ತ್ರಚಿಕಿತ್ಸೆಯ ಹೊತ್ತಿಗೆ ಹೊಲಿಯೋಣ ಎಂದಿದ್ದಾರೆ. ಅಷ್ಟು ದಿನ ಬಿಡುವುದು ಕ್ಷೇಮವೇ?

ಉತ್ತರ 1

ಕ್ಷೇಮ, ನಿಗಾ ಇದ್ದರೆ. ಸಣ್ಣ ಕಿಂಡಿಗಳು ಮರಿ ಬೆಳೆದಂತೆ, ನಾಲ್ಕರಿಂದ ಆರು ತಿಂಗಳೊಳಗೆ, ತಾವಾಗಿಯೇ ಮುಚ್ಚುವುದುಂಟು. ಮುಚ್ಚದಿದ್ದರೆ ಒಂದೇ ಅರಿವಳಿಕೆಯಲ್ಲಿ ಎರಡೂ ಕೆಲಸ ಮುಗಿಯುತ್ತವೆ, ಮರಿಗೆ ಎರಡು ಸಲ ದಣಿವಾಗುವುದಿಲ್ಲ. ಈ ತೊಂದರೆ ವಂಶದಲ್ಲಿ ಹರಿದು ಬರುವ ಸಾಧ್ಯತೆ ಇರುವುದರಿಂದ ಈ ಮರಿಯಿಂದ ಸಂತತಿ ಪಡೆಯದಿರುವುದೂ ಒಳಿತೇ. ಕಿಂಡಿ ಬೆರಳಿನ ತುದಿ ಸೇರುವಷ್ಟು ಅಗಲವಾದರೆ ಅಥವಾ ಗಂಟು ಒಳಗೆ ಸರಿಯುವುದು ನಿಂತರೆ ಆ ದಿನದವರೆಗೆ ಕಾಯಬೇಡಿ. ದಿನಕ್ಕೊಮ್ಮೆ ನೋಡಿದರೆ ಸಾಕು, ಪದೇಪದೇ ಒತ್ತುತ್ತಿರಬೇಡಿ. ಶಸ್ತ್ರಚಿಕಿತ್ಸೆಗೆ ಕರೆದೊಯ್ಯುವಾಗ ಎಷ್ಟು ಹೊತ್ತು ಉಪವಾಸವಿಡಬೇಕೆಂದು ವೈದ್ಯರನ್ನು ಮರೆಯದೆ ಕೇಳಿ. ದೊಡ್ಡ ಬೆಕ್ಕಿನಂತೆ ರಾತ್ರಿಯಿಡೀ ಹಸಿದಿರಿಸಿದರೆ ಎಳೆಯ ಮರಿಯ ರಕ್ತದಲ್ಲಿ ಸಕ್ಕರೆಯ ಅಂಶ ಕುಸಿಯಬಹುದು.