ಕೊನೆ ಲೆಕ್ಕ

ಮೊನ್ನೆ ಭಾನುವಾರ ಬೆಳಿಗ್ಗೆ ನಮ್ಮ ಮನೆ ಗುಂಪಿಗೆ ದೊಡ್ಡಪ್ಪ ಒಂದು ಫಾರ್ವರ್ಡ್ ಹಾಕಿದರು. ತೀರ್ಥಹಳ್ಳಿ ಕಡೆ ಮೂರು ದಿನದಿಂದ ಬಿಡದೆ ಮಳೆ. ತೋಟಕ್ಕೆ ಔಷಧಿ ಹೊಡೆಸುವ ಹಾಗಿಲ್ಲ, ಕರೆಂಟಿಲ್ಲ. ಹೊತ್ತು ಹೋಗಬೇಕಲ್ಲ.

ಫಾರ್ವರ್ಡ್‌ನಲ್ಲಿ ಇದ್ದದ್ದು ಇಷ್ಟು. ಬೀಟಲ್ಸ್ ಎಂಬ ಇಂಗ್ಲೆಂಡಿನ ಹಾಡುಗಾರರು ತಮ್ಮ ಕೊನೆಯ ಆಲ್ಬಂ 'ಲೆಟ್ ಇಟ್ ಬಿ'ಯನ್ನು ಋಷಿಕೇಶದ ಆಶ್ರಮದಲ್ಲೇ ಕೂತು ರೆಕಾರ್ಡ್ ಮಾಡಿದರಂತೆ. ಅದರಲ್ಲಿ 'ಜೈ ಗುರುದೇವ' ಅಂತ ಹಾಡಿದರಂತೆ. ಆಮೇಲೆ ಹೆಂಡತಿ ಮಾತು ಕೇಳಿ ಬೇರೆ ಬೇರೆ ಆದರಂತೆ. ಕೆಳಗೆ ಮೂರು ಸಲ ಕೈ ಮುಗಿದ ಚಿತ್ರ, 'ಕೂಡಿ ಬಾಳಿದರೆ ಸ್ವರ್ಗ' ಎಂಬ ಸಾಲು. ದೊಡ್ಡಪ್ಪ ಬೀಟಲ್ಸ್‌ನ ಒಂದು ಹಾಡನ್ನೂ ಕೇಳಿದವರಲ್ಲ. ಅವರಿಗೆ ಬೇಕಾಗಿದ್ದದ್ದು ಆ ಕಡೇ ಸಾಲು, ಅಷ್ಟೇ.

"ದೊಡ್ಡಪ್ಪಾ, ಇದಕ್ಕೆ ಮೂಲ ಏನು?" ಬೆಂಗಳೂರಿನಿಂದ ತಮ್ಮ ಕೇಳಿದ. ಅವನು ಹಬ್ಬದ ಶುಭಾಶಯಕ್ಕೂ ಮೂಲ ಕೇಳುವವನು. ಉತ್ತರಕ್ಕೆ ಕಾಯಲೂ ಇಲ್ಲ, ತಾನೇ ಶುರು ಮಾಡಿದ. "ಋಷಿಕೇಶಕ್ಕೆ ಬಂದಿದ್ದು 1968ರ ಫೆಬ್ರವರಿ ಮಧ್ಯದಲ್ಲಿ. ಜೈ ಗುರುದೇವ ಇರೋ 'ಅಕ್ರಾಸ್ ದ ಯೂನಿವರ್ಸ್' ಹಾಡು ಅದೇ ತಿಂಗಳ 4ನೇ ತಾರೀಕು ಲಂಡನ್‌ನಲ್ಲಿ ರೆಕಾರ್ಡಿಗೆ ಹೋಗಿತ್ತು. ಅಂದ್ರೆ ವಿಮಾನ ಹತ್ತೋಕೆ ಮೊದಲೇ. ಆ ಆಶ್ರಮದ ಗುರು ಮಹೇಶ್ ಯೋಗಿ ಬೀಟಲ್ಸ್‌ಗೆ ಸಿಕ್ಕಿದ್ದು 1967ರಲ್ಲಿ."

"ದೊಡ್ಡವರು ಒಂದು ಒಳ್ಳೆ ಮಾತು ಹಾಕಿದ್ರೆ ತಾರೀಕು ಹಿಡ್ಕೊಂಡು ಬರಬೇಡ" ಅಂತ ದೊಡ್ಡಪ್ಪ. ಇದು ಬಂದದ್ದು ಇಪ್ಪತ್ತು ನಿಮಿಷದ ಮೇಲೆ. ಆ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಜಗಲಿಯ ಒಂದೇ ಮೂಲೆಯಲ್ಲಿ, ಅದೂ ಕಂಬಕ್ಕೆ ಒರಗಿ ನಿಂತರೆ. ಅವರು ಒಳಗೆ ಕೂತು ಟೈಪ್ ಮಾಡುತ್ತಾರೆ. ಎದ್ದು ಕಂಬದ ಹತ್ತಿರ ಹೋದಾಗ ಎಲ್ಲ ಒಟ್ಟಿಗೆ ಬಂದು ಬೀಳುತ್ತದೆ.

ತಮ್ಮ ಬಿಡಲಿಲ್ಲ. "ಅದು ಕೊನೆ ಆಲ್ಬಂ ಅನ್ನೋದೂ ಅರ್ಧ ನಿಜ. 'ಲೆಟ್ ಇಟ್ ಬಿ' ಬಿಡುಗಡೆ ಆಗಿದ್ದು ಕೊನೆಗೆ, 1970ರ ಮೇ 8ಕ್ಕೆ. ಆದರೆ ಹೆಚ್ಚಿನ ಪಾಲು ರೆಕಾರ್ಡ್ ಆಗಿದ್ದು 1969ರ ಜನವರಿಯಲ್ಲಿ. 'ಅಬ್ಬಿ ರೋಡ್' ಮಾಡಿದ್ದು ಅದಾದ ಮೇಲೆ. ಅದನ್ನ 1969ರ ಸೆಪ್ಟೆಂಬರಲ್ಲೇ ಬಿಟ್ಟರು. ಈಗ ಹೇಳಿ, ಕೊನೆ ಯಾವುದು?"

"ನಮ್ಮಲ್ಲಿ ಕೊನೆ ಅಂದ್ರೆ ಅಡಿಕೆ ಕೊನೆ ಮಾರಾಯ" ಅಂದರು ಶಿವಮೊಗ್ಗದ ಮಾವ. ಮಂಡಿ ವ್ಯವಹಾರ ಅರೆದು ಕುಡಿದವರು. "ಮೊದಲು ಕೊಯ್ದದ್ದು ಅಟ್ಟದಲ್ಲಿ ಕೂತಿರುತ್ತೆ, ಆಮೇಲೆ ಕೊಯ್ದದ್ದು ಮೊದಲು ಮಾರಾಟ ಆಗುತ್ತೆ. ಇದರಲ್ಲಿ ಏನು ವಿಶೇಷ?"

ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ. ನಾನೂ ಸುಮ್ನಿರಲಾರದೆ ಒಂದು ಸೇರಿಸಿದೆ. ಅಟ್ಟದಲ್ಲಿ ಕೂತಿದ್ದ ಆ ಟೇಪುಗಳನ್ನು ಕೊನೆಗೆ ಫಿಲ್ ಸ್ಪೆಕ್ಟರ್ ಎಂಬವನ ಕೈಗೆ ಕೊಟ್ಟರು, ಅವನು ಪಿಟೀಲು, ಕೋರಸ್ ಎಲ್ಲ ತುಂಬಿದ, ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿಗೆ ಸಿಟ್ಟು ಬಂತು, 2003ರಲ್ಲಿ ಅದನ್ನೆಲ್ಲ ತೆಗೆದು ಮತ್ತೊಮ್ಮೆ ಹೊರಗೆ ತಂದರು ಅಂತ.

"ಚೊಗರು ಜಾಸ್ತಿ ಆಯ್ತು ಅನ್ನು" ಅಂದರು ಮಾವ. ಅಡಿಕೆಗೆ ಬಣ್ಣ ಬರಲು ಹಚ್ಚುವ ರಸ ಅದು.

ಇಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಆದರೆ ವರ್ಷಕ್ಕೆ ಎರಡು ಸಲ ಮಾತಾಡುವ ಚಿಕ್ಕಮ್ಮ ಬಂದರು. "ಭಾವ, ಹೆಂಡತಿ ಮಾತು ಕೇಳಿ ಅಂತ ಹಾಕಿದ್ದೀರಲ್ಲ, ಅದು ಯಾರಿಗೆ?"

ಗುಂಪು ತಣ್ಣಗಾಯಿತು. ಚಿಕ್ಕಮ್ಮ ಮದುವೆಯಾಗಿ ಬಂದ ಎರಡನೇ ವರ್ಷಕ್ಕೆ ಮನೆ ಪಾಲಾದದ್ದು. ತಮ್ಮ ಪಾಪ ಸಹಾಯಕ್ಕೆ ಹೋದ. "ಅದೂ ಸುಳ್ಳು ಚಿಕ್ಕಮ್ಮ. ಆ ಜನವರಿಯಲ್ಲಿ ಬೀಟಲ್ಸ್‌ನ ಜಾನ್ ಲೆನನ್ ಜೊತೆ ಯೋಕೊ ಸ್ಟುಡಿಯೋದಲ್ಲಿ ಇದ್ದಿದ್ದು ನಿಜ. ಅವರಿಬ್ಬರ ಮದುವೆ ಆಗಿದ್ದು ಮಾರ್ಚಲ್ಲಿ. ಆಕೆಯಿಂದ ಬ್ಯಾಂಡ್ ಒಡೀಲಿಲ್ಲ ಅಂತ ಪಾಲ್ ಆಮೇಲೆ ಬಾಯಿಬಿಟ್ಟು ಹೇಳಿದ್ದಾರೆ. ದುಡ್ಡಿನ ವ್ಯವಹಾರ ಯಾರು ನೋಡ್ಕೋಬೇಕು ಅನ್ನೋದೇ ದೊಡ್ಡ ಜಗಳ. 1970ರ ಡಿಸೆಂಬರ್ 31ಕ್ಕೆ ಪಾಲ್ ಕೋರ್ಟಿಗೇ ಹೋದರು. ಎಲ್ಲಾ ಲೆಕ್ಕದ್ದೇ ಗಲಾಟೆ."

ಲೆಕ್ಕ ಅನ್ನುವ ಪದ ಅವನು ಬಳಸಬಾರದಿತ್ತು.

ಅಷ್ಟರಲ್ಲಿ ಸಾಗರದ ಅತ್ತೆ ತಮ್ಮದೇ ದಾರಿ ಹಿಡಿದಿದ್ದರು. "ಅಬ್ಬಿ ರೋಡ್ ಅಂದ್ರೆ ನಮ್ಮ ಅಬ್ಬಿಗೆ ಹೋಗೋ ದಾರಿ ಅಂದ್ಕೊಂಡೆ. ಅಲ್ಲಿ ಬಂಡೆ ಮೇಲೆ ಅಣ್ಣನ ಟೇಪ್ ರೆಕಾರ್ಡರ್ ಇಟ್ಕೊಂಡು ಕೂರ್ತಿದ್ವಿ. ಸೆಲ್ ಮುಗಿದ್ರೆ ಬಿಸಿಲಿಗೆ ಒಣಗಿಸಿ ಮತ್ತೆ ಹಾಕೋದು. ಎರಡು ಹಾಡು ಬರ್ತಿತ್ತು, ಮೂರನೇದು ಎಮ್ಮೆ ಕೂಗಿದ ಹಾಗೆ." ಋಷಿಕೇಶದಿಂದ ಬೀಟಲ್ಸ್‌ನ ರಿಂಗೋ ಸ್ಟಾರ್ ಹತ್ತೇ ದಿನಕ್ಕೆ ಓಡಿಹೋದ, ಊಟ ಒಗ್ಗುವುದಿಲ್ಲ ಅಂತ ಡಬ್ಬಿಯಲ್ಲಿ ಬೀನ್ಸ್ ಕಟ್ಟಿಕೊಂಡೇ ಬಂದಿದ್ದ ಅಂತ ನಾನು ಹಾಕಿದೆ. ಮಾತು ತಿರುಗಲಿ ಅಂತ. ಅತ್ತೆ ಕರಗಿಹೋದರು. "ಅಯ್ಯೋ ಪಾಪ. ನಮ್ಮನೆಗೆ ಬಂದಿದ್ರೆ ಬಿಸಿ ಅನ್ನ ತಿಳಿಸಾರು ಹಾಕ್ತಿದ್ದೆ, ಇನ್ನೊಂದು ತಿಂಗಳು ಇರ್ತಿದ್ದ."

ಮಾತು ತಿರುಗಲಿಲ್ಲ. ಚಿಕ್ಕಪ್ಪ ಟೈಪ್ ಮಾಡುತ್ತಿದ್ದಾರೆ ಅಂತ ಎರಡು ನಿಮಿಷ ತೋರಿಸಿತು. "ಟೇಪ್ ರೆಕಾರ್ಡರ್ ಯಾರ ಪಾಲಿಗೆ ಹೋಯ್ತು ಅಂತ ನಾನು ಕೇಳಲ್ಲ. ಅಟ್ಟದ ಅಡಿಕೆ ಅಂದ್ರಲ್ಲ ಭಾವ, ಅದಕ್ಕೆ ಕೇಳ್ತಿದೀನಿ. ಪಾಲಾದ ವರ್ಷ ಅಟ್ಟದಲ್ಲಿ ಹನ್ನೊಂದು ಮೂಟೆ ಇತ್ತು. ಆಮೇಲೆ ರೇಟು ಬಂದಾಗ ಮಾರಿದ್ದು. ಅರ್ಧ ನಮಗೆ ಬರಬೇಕಿತ್ತು. ಹೌದೋ ಅಲ್ಲವೋ, ಅಣ್ಣ ಇವತ್ತು ಎಲ್ಲರ ಎದುರಿಗೆ ಹೇಳಲಿ."

ಯಾರೂ ಉಸಿರೆತ್ತಲಿಲ್ಲ. ತಮ್ಮನೂ ಮೂಲ ಕೇಳಲಿಲ್ಲ.

ಅರ್ಧ ಗಂಟೆ ಬಿಟ್ಟು ದೊಡ್ಡಪ್ಪ ಕಂಬದ ಹತ್ತಿರ ಹೋಗಿರಬೇಕು. ಚಿಕ್ಕಪ್ಪನ ಮಾತಿನ ಕೆಳಗೇ ಬಂದು ಬಿತ್ತು: "ಹೌದು ಹೌದು, ಪಾಪ. ಸರಿಯಾಗಿ ಹೇಳಿದೆ." ಜೊತೆಗೆ ಒಂದು ನಗುಮುಖ.

ಅದು ತಿಳಿಸಾರಿಗೆ ಹೇಳಿದ್ದು ಅಂತ ನನಗೆ ಗೊತ್ತು, ಅತ್ತೆಗೂ ಗೊತ್ತು. ಚಿಕ್ಕಪ್ಪ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡಿದ್ದಾರಂತೆ.