ಅಪ್‌ಡೇಟ್: ಸಿಡಿ59 ಕಾಣದ ಕಣಗಳಲ್ಲಿ ಕೆಟ್ಟಿದ್ದು ಯಾವ ಜೀನ್?

ಇಲಿಯ ಕೆಲವು ಕೆಂಪು ರಕ್ತಕಣಗಳ ಮೇಲೆ ಸಿಡಿ59 ಪ್ರೋಟೀನ್ ಕಾಣದಿದ್ದರೆ, ಅದರ ಸ್ವಂತ ಜೀನ್ ಕೆಟ್ಟಿದೆಯೋ, ಪಿಗ್-ಎ ಅನ್ನುವ ಇನ್ನೊಂದು ಜೀನ್ ಕೆಟ್ಟಿದೆಯೋ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬಹುಪಾಲು ಪಿಗ್-ಎ ಅನ್ನುವುದು ಈಗ ಖಚಿತವಾಯಿತು.

ಸಿಡಿ59 ಪೊರೆಗೆ ಅಂಟಿಕೊಳ್ಳುವುದು ಜಿಪಿಐ ಅನ್ನುವ ಲಂಗರಿನಿಂದ. ಅದನ್ನು ಕಟ್ಟಲು ಇಪ್ಪತ್ತಕ್ಕೂ ಜಾಸ್ತಿ ಜೀನ್‌ಗಳು ಬೇಕು. ಮೊದಲ ಹೆಜ್ಜೆ ಪಿಗ್-ಎ ಕೆಲಸ, ಎರಡನೆಯದು ಪಿಗ್-ಎಲ್‌ನದು. ಹಾಗಿದ್ದರೆ ಪಿಗ್-ಎ ಮೇಲೇ ಅನುಮಾನ ಯಾಕೆ? ಅದು ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ. ಗಂಡಿನಲ್ಲಿ ಒಂದೇ ಪ್ರತಿ, ಹೆಣ್ಣಿನಲ್ಲೂ ಪ್ರತಿ ಕೋಶದಲ್ಲಿ ಕೆಲಸ ಮಾಡುವುದು ಒಂದೇ. ಒಂದು ಪೆಟ್ಟು ಬಿದ್ದರೆ ಸಾಕು, ಲಂಗರು ಇಲ್ಲ. ಸಿಡಿ59 ಅಥವಾ ಪಿಗ್-ಎಲ್ ಜೀನ್ ಎಕ್ಸ್ ಮೇಲಿಲ್ಲ, ಹಾಗಾಗಿ ಅದರ ಎರಡು ಪ್ರತಿ ಇರುತ್ತವೆ; ಒಂದೇ ಕೋಶದಲ್ಲಿ ಆ ಎರಡೂ ಕೆಡಬೇಕು. ಅದು ತೀರಾ ಅಪರೂಪ ಅಲ್ವಾ? ನನಗೆ ಇಷ್ಟವಾದ ವಾದ ಇದೇ.

ಬಲಿತ ಕೆಂಪು ಕಣದಲ್ಲಿ ನ್ಯೂಕ್ಲಿಯಸ್ ಇಲ್ಲ, ಹಾಗಾಗಿ ಡಿಎನ್‌ಎ ಓದಲು ಆಗುವುದಿಲ್ಲ. ಅದಕ್ಕೇ ಮೂಳೆಮಜ್ಜೆಯ ಎಳೆಯ ಕಣಗಳಲ್ಲಿ ಸಿಡಿ59 ಇಲ್ಲದವನ್ನು ಬೇರ್ಪಡಿಸಿ ಪಿಗ್-ಎ ಓದುತ್ತಾರೆ. ರೂಪಾಂತರಗಳು (ಜೀನಿನಲ್ಲಾದ ಬದಲಾವಣೆಗಳು) ಪಿಗ್-ಎಯಲ್ಲೇ ಸಿಕ್ಕಿವೆ.

ಇಂಥ ಸಿಡಿ59 ಇಲ್ಲದ ಕಣಗಳನ್ನು ಎಣಿಸಿ, ಔಷಧ, ರಾಸಾಯನಿಕಗಳು ಜೀನ್ ಕೆಡಿಸುತ್ತವೆಯೇ ಎಂದು ನೋಡುವ ಪಿಗ್-ಎ ಪರೀಕ್ಷೆಗೆ 2022ರಲ್ಲಿ ಒಇಸಿಡಿ (ಹಲವು ದೇಶಗಳ ಆರ್ಥಿಕ ಸಹಕಾರ ಸಂಘಟನೆ) ಮಾರ್ಗಸೂಚಿ 470 ಬಂದಿದೆ. ಇದೇ ಗೊಂದಲ ಇರುವವರು ಅದನ್ನೊಮ್ಮೆ ಓದಿ.