ಅಪ್‌ಡೇಟ್: ಅದು ರೀಮಾಸ್ಟರ್ ಅಲ್ಲ, ಬೇರೆಯದೇ ಮಿಕ್ಸ್

ಅಮೆರಿಕದ ಸೋಲ್ ಗಾಯಕ ಮಾರ್ವಿನ್ ಗೇ ಅವರ ‘ವಾಟ್ಸ್ ಗೋಯಿಂಗ್ ಆನ್’ ಆಲ್ಬಮ್ಮಿನ 2001ರ ಡಿಲಕ್ಸ್ ಆವೃತ್ತಿಯಲ್ಲಿ ಅವೇ ಹಾಡುಗಳು ಎರಡು ಬಗೆಯಾಗಿ ಕೇಳಿಸುವುದು ರೀಮಾಸ್ಟರಿಂಗಿನಿಂದಲೋ ಎಂದು ಇಲ್ಲಿ ಹಿಂದೆ ಪ್ರಶ್ನಿಸಿದ್ದೆ. ಉತ್ತರಿಸಿದವರಿಗೆಲ್ಲ ಕೃತಜ್ಞತೆಗಳು. ನಿಮ್ಮ ಸಲಹೆಯಂತೆ ಎರಡರ ಧ್ವನಿಮಟ್ಟವನ್ನೂ ಸಮಗೊಳಿಸಿ, ಹೆಡ್‌ಫೋನಿನಲ್ಲಿ ಮೂರು ರಾತ್ರಿ ಕೇಳಿದೆ. ತುಸು ಜೋರಾಗಿರುವುದೇ ಕಿವಿಗೆ ಉತ್ತಮವೆನಿಸುತ್ತದೆಂಬುದನ್ನು ನಾನು ಮೊದಲೇ ಯೋಚಿಸಬೇಕಿತ್ತು.

ರೀಮಾಸ್ಟರಿಂಗಿನಲ್ಲಿ ಸಿದ್ಧ ಸ್ಟೀರಿಯೋ ಟೇಪಿನ ಒಟ್ಟು ನಾದವನ್ನಷ್ಟೇ ತಿದ್ದುತ್ತಾರೆ. ಇಲ್ಲಿಯಾದರೋ ಗಾಯನ, ತಂತಿವಾದ್ಯ, ತಾಳವಾದ್ಯಗಳ ಪರಸ್ಪರ ಪ್ರಮಾಣವೇ, ಅಂದರೆ ಮಿಕ್ಸೇ, ಬೇರೆಯಾಗಿದೆ. 1971ರ ಏಪ್ರಿಲ್‌ನಲ್ಲಿ ಡೆಟ್ರಾಯಿಟ್‌ನಲ್ಲಿ ಸಿದ್ಧವಾಗಿದ್ದ ಮಿಕ್ಸನ್ನು ಬದಿಗಿಟ್ಟು, ಗೇ ಲಾಸ್ ಏಂಜಲೀಸ್‌ನಲ್ಲಿ ಹೊಸದಾಗಿ ಮಿಕ್ಸ್ ಮಾಡಿಸಿದರು. ಮೇ ತಿಂಗಳಲ್ಲಿ ಬಿಡುಗಡೆಯಾದದ್ದು ಈ ಎರಡನೆಯದು. ಅದರಲ್ಲಿ ಪ್ರತಿಧ್ವನಿ ಹೆಚ್ಚು, ತಂತಿವಾದ್ಯಗಳು ಕಂಠದ ಸುತ್ತ ಮಂಜಿನಂತೆ ಹರಡಿಕೊಳ್ಳುತ್ತವೆ. ಡೆಟ್ರಾಯಿಟ್ ಮಿಕ್ಸ್ ಇಷ್ಟು ನುಣುಪಾಗಿಲ್ಲ, ಆದರೆ ವಾದಕರ ನಡುವೆಯೇ ಕುಳಿತಂತಾಗುತ್ತದೆ. ಶೀರ್ಷಿಕೆ ಗೀತೆಯಲ್ಲಿ ಜೇಮ್ಸ್ ಜೇಮರ್‌ಸನ್ ಅವರ ಬಾಸ್ ಗಿಟಾರಿನ ನಡೆಯನ್ನು ಹಿಂಬಾಲಿಸಲು ನನಗೆ ಇದೇ ಅನುಕೂಲವೆನಿಸಿತು.

ಇಡೀ ಆಲ್ಬಮ್ ಒಂದೇ ಹರಿವಿನಲ್ಲಿ ಕೇಳಲು ಗೇ ಅವರ ಆಯ್ಕೆಯೇ ಸರಿ ಎಂಬುದು ನನ್ನ ತೀರ್ಮಾನ. ಆಲ್ಬಮ್ಮಿಗೂ ಮೊದಲು, 1971ರ ಜನವರಿಯಲ್ಲಿ ಹೊರಬಂದ ಶೀರ್ಷಿಕೆ ಗೀತೆಯ ಮೋನೋ (ಎಡ-ಬಲವೆಂಬ ಭೇದವಿಲ್ಲದ, ಒಂದೇ ಧ್ವನಿವಾಹಿನಿಯ) ಸಿಂಗಲ್ಲನ್ನು ಇನ್ನೂ ಹೋಲಿಸಬೇಕಿದೆ.